ಕೆಲಸ ಮನೆಗೆ ಬಂತು, ಧಣಿ ಎಲ್ಲಿ ಹೋದ?

ವಯಸ್ಸಾದವರಿಗೆ ಈಗ ಹೊಸದೊಂದು ಉಪದೇಶ ಶುರುವಾಗಿದೆ. "ಮುಪ್ಪು ಬಂತೆಂದು ಕೈಕಟ್ಟಿ ಕೂಡಬೇಡಿರಿ, ಊರು ಬಿಡುವುದೂ ಬೇಡ, ಬಸ್ಸು ಹತ್ತುವುದೂ ಬೇಡ, ಪಡಸಾಲೆಯಲ್ಲಿ ಕೂತು ಫೋನಿನ ಮೇಲೆ, ಕಂಪ್ಯೂಟರಿನ ಮೇಲೆ ದೂರದ ಕಂಪನಿಗೆ ದುಡಿಯಿರಿ, ಪಗಾರ ನಿಮ್ಮ ಖಾತೆಗೆ ತಾನೇ ಬಂದು ಬೀಳುತ್ತದೆ" ಎಂಬುದು ಆ ಉಪದೇಶದ ಸಾರ. ಪಟ್ಟಣದ ಪಂಡಿತರು ಇದನ್ನು ಹೇಳುತ್ತಿದ್ದಾರೆ, ಅಧಿಕಾರಿಗಳು ತಲೆದೂಗುತ್ತಿದ್ದಾರೆ. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಖಾತೆಯವರಂತೂ 2021ರ ಅಕ್ಟೋಬರ್ 1ರಂದು, ಜಗತ್ತಿನ ವೃದ್ಧರ ದಿನದ ಮುಹೂರ್ತವನ್ನೇ ಹಿಡಿದು, ಅರವತ್ತು ದಾಟಿದವರಿಗೆ ಮತ್ತೆ ನೌಕರಿ ದೊರಕಿಸುವ 'ಸೇಕ್ರೆಡ್' ಎಂಬ ಜಾಲತಾಣವನ್ನು ತೆರೆದರು. 'ಗೌರವದಿಂದ ಮರುಉದ್ಯೋಗ' ಎಂಬುದು ಅದರ ಹೆಸರಿನ ಅರ್ಥ.

ಗೌರವ ಎಂಬ ಮಾತು ಬಂದಲ್ಲಿ ನಾವು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಬಡವನಿಗೆ ಕೊಡಬೇಕಾದ ಹಣ ಕೊಡದೆ ಇದ್ದಾಗಲೇ ನಮ್ಮ ದೇಶದಲ್ಲಿ ಗೌರವವನ್ನು ಧಾರಾಳವಾಗಿ ಹಂಚುವ ರೂಢಿಯಿದೆ.

ಈ ಉಪದೇಶವನ್ನು ಲಕ್ಕಲಕಟ್ಟಿಯ ಮಟ್ಟಕ್ಕೆ ತಂದು ತೂಗಿ ನೋಡೋಣ. ಲಕ್ಕಲಕಟ್ಟಿ ಮೊದಲು ರೋಣ ತಾಲೂಕಿನಲ್ಲಿತ್ತು, ಈಗ ಗಜೇಂದ್ರಗಡ ತಾಲೂಕಿಗೆ ಸೇರಿದೆ. ಧಾರವಾಡ ಜಿಲ್ಲೆ ಒಡೆದು 1997ರಲ್ಲಿ ಗದಗ ಜಿಲ್ಲೆಯಾಯಿತು. ಜಿಲ್ಲೆ ಬದಲಾಯಿತು, ತಾಲೂಕು ಬದಲಾಯಿತು. ಈ ಸೀಮೆಯ ಮಳೆ ನಂಬಿದ ಹೊಲ, ಕೂಲಿ ನಂಬಿದ ಹೊಟ್ಟೆ ಬದಲಾಗಲಿಲ್ಲ. ಹರೆಯದವರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಹೋಗುತ್ತಾರೆ. ಊರು ಕಾಯುವವರು ಮುದುಕರು, ಮುದುಕಿಯರು. ಇಂಥವರಿಗೆ 'ದುಡಿಯಲು ಅವಕಾಶ' ಒದಗಿಸುತ್ತೇವೆಂದು ಹೇಳುವವರು ಒಂದು ಸಂಗತಿಯನ್ನು ಮರೆತಿದ್ದಾರೆ. ಇವರು ದುಡಿಮೆ ಬಿಟ್ಟವರೇ ಅಲ್ಲ. ಸರಕಾರವೇ 2017–18ರಲ್ಲಿ ನಡೆಸಿದ ವೃದ್ಧಾಪ್ಯದ ಸಮೀಕ್ಷೆಯ ಪ್ರಕಾರ ಅರವತ್ತು ದಾಟಿದ ನೂರು ಜನರಲ್ಲಿ 36 ಮಂದಿ ಇನ್ನೂ ದುಡಿಯುತ್ತಿದ್ದರು. ಹಳ್ಳಿಯಲ್ಲಿ ಈ ಪಾಲು ಪಟ್ಟಣಕ್ಕಿಂತ ಹೆಚ್ಚು. ನಿವೃತ್ತಿ ಎಂಬುದು ಸರಕಾರಿ ನೌಕರನಿಗೆ ಬರುತ್ತದೆ. ಕೂಲಿಕಾರನಿಗೆ ಬರುವುದು ನಿಶ್ಶಕ್ತಿ ಮಾತ್ರ. ಅವನಿಗೆ ಇಲ್ಲದ್ದು ಕೆಲಸವಲ್ಲ, ವಿಶ್ರಾಂತಿ.

ಯಾರಿಗಾಗಿ ಈ ಬಾಗಿಲು?

ಜಾಲತಾಣದ ಬಾಗಿಲಲ್ಲಿ ನಿಂತವನಿಗೆ ಮೊದಲು ಕೇಳುವ ಪ್ರಶ್ನೆ: ಓದು ಎಷ್ಟು, ಅನುಭವ ಯಾವುದು, ಏನೇನು ಬಲ್ಲಿರಿ? ಬ್ಯಾಂಕಿನಿಂದ ನಿವೃತ್ತನಾದವನು, ಹೈಸ್ಕೂಲಿನ ಮಾಜಿ ಮಾಸ್ತರರು, ಲೆಕ್ಕಪತ್ರ ಬಲ್ಲವನು ಇದಕ್ಕೆ ಉತ್ತರ ಕೊಡಬಲ್ಲರು. ಅಂಥವರಿಗೆ ಮನೆಯಲ್ಲಿ ಕೂತು ನಾಲ್ಕು ಕಾಸು ಬಂದರೆ ನಮಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ ಇದೆ. ಆದರೆ ಹೊಲದಲ್ಲಿ ಕಳೆ ತೆಗೆದ ಕೈ, ಇಟ್ಟಿಗೆ ಹೊತ್ತ ತಲೆ, ಮಗ್ಗದಲ್ಲಿ ಲಾಳಿ ಎಸೆದ ತೋಳು ಈ ಅರ್ಜಿಯಲ್ಲಿ ತಮ್ಮ ಅನುಭವವನ್ನು ಯಾವ ಅಂಕಣದಲ್ಲಿ ಬರೆಯಬೇಕು?

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹಳ್ಳಿಗಳ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದವು ನಾಲ್ಕೋ ಐದೋ ಎಂದು ತೋರಿಸಿತು. ಇಂಟರ್‌ನೆಟ್ ಅನುಕೂಲವಿದ್ದವು ಹದಿನೈದು. ಆಮೇಲೆ ಫೋನು ಹಳ್ಳಿಹಳ್ಳಿಗೆ ಬಂದಿದೆ, ನಿಜ. ಆದರೆ ಮನೆಯ ಒಂದು ಒಳ್ಳೆಯ ಫೋನು ಗೋವೆಗೆ ಹೋದ ಮಗನ ಕಿಸೆಯಲ್ಲಿರುತ್ತದೆ, ಇಲ್ಲವೆ ಓದುವ ಮೊಮ್ಮಗನ ಕೈಯಲ್ಲಿರುತ್ತದೆ. ಮುದುಕನ ಪಾಲಿಗೆ ಬರುವುದು ಗುಂಡಿ ಒತ್ತುವ ಹಳೆಯ ಫೋನು. ದುಡಿದು ದುಡಿದು ಬೆರಳಿನ ಗೆರೆ ಸವೆದುಹೋಗಿ, ರೇಶನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ಹಿಡಿಯದೆ, ತನ್ನ ಪಾಲಿನ ಅಕ್ಕಿಗಾಗಿ ಮತ್ತೆ ಮತ್ತೆ ಅಲೆಯಬೇಕಾದ ಜನ ಇವರು. ಉದ್ಯೋಗ ಖಾತ್ರಿಯ ಕಾನೂನು 2005ರಲ್ಲಿ ಬಂದಾಗ ಹದಿನೆಂಟು ತುಂಬಿರಬೇಕೆಂದಿತೇ ಹೊರತು ಮೇಲೆ ಯಾವ ವಯಸ್ಸಿನ ಗೆರೆಯನ್ನೂ ಎಳೆಯಲಿಲ್ಲ; ಅದಕ್ಕೇ ಮುದುಕರಿಗೂ ಅದು ಆಸರೆಯಾಯಿತು. ಆ ಮಣ್ಣಿನ ಕೆಲಸಕ್ಕೂ 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಫೋನಿನಲ್ಲಿ ಫೋಟೋ ತೆಗೆದು ಹಾಜರಿ ಹಾಕುವುದನ್ನು ಕಡ್ಡಾಯ ಮಾಡಿದರು. ನೆಟ್‌ವರ್ಕ್ ಇಲ್ಲದ ದಿನ ಬುಟ್ಟಿ ಹೊತ್ತವನ ಬೆವರಿಗೂ ಹಾಜರಿ ಇಲ್ಲ. ಫೋನು ಬಡವನ ಕೈಗೆ ಕೆಲಸ ತಂದುಕೊಡುವ ಮೊದಲು ಅವನ ಕೈಯಲ್ಲಿದ್ದ ಕೆಲಸಕ್ಕೆ ಕಾವಲುಗಾರನಾಗಿ ಬಂದು ಕೂತಿತು.

ಇಷ್ಟಾದರೂ ನಾವು ಯಂತ್ರವನ್ನು ಬೈಯುವವರಲ್ಲ. ಕಲಿಸಿದರೆ ಕಲಿಯುವ ಮುದುಕರು ಬೇಕಾದಷ್ಟು ಇದ್ದಾರೆ; ಕಾಲು ಸೋತ ಮುದುಕಿಗೆ ಮನೆಯಲ್ಲೇ ಕೆಲಸ ಸಿಕ್ಕುವುದು ದೊಡ್ಡ ಅನುಕೂಲವೂ ಹೌದು. ಫೋನು, ಓದು ಇವುಗಳ ಅಡ್ಡಿಯೆಲ್ಲ ನಾಳೆಯೇ ತೀರಿತೆಂದು ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಮನೆಯಲ್ಲಿ ಕೂತು ದೂರದ ಧಣಿಗೆ ದುಡಿಯುವುದೆಂದರೆ ಏನು? ಇದಕ್ಕೆ ಉತ್ತರ ಹುಡುಕಲು ನಾವು ಅಮೇರಿಕೆಗೂ ಬೆಂಗಳೂರಿಗೂ ಹೋಗಬೇಕಿಲ್ಲ. ಗಜೇಂದ್ರಗಡದ ನೇಕಾರರ ಓಣಿಗೆ ಹೋದರೆ ಸಾಕು.

ಮಗ್ಗದ ಲೆಕ್ಕ

ಗಜೇಂದ್ರಗಡ, ಗದಗ-ಬೆಟಗೇರಿ, ಇಳಕಲ್ಲು, ಗುಳೇದಗುಡ್ಡ — ಈ ಸೀಮೆಯಲ್ಲಿ ಮನೆಯಲ್ಲಿ ಕೂತು ದುಡಿಯುವುದು ತಲೆಮಾರುಗಳ ಹಳೆಯ ಸಂಗತಿ. ನೂಲು ಹೊರಗಿನಿಂದ ಬರುತ್ತದೆ. ಸೀರೆ ಹೊರಗೆ ಹೋಗುತ್ತದೆ. ನಡುವೆ ಸೀರೆಗೆ ಇಷ್ಟೆಂದು ಮಜೂರಿ ಕೈಗೆ ಬೀಳುತ್ತದೆ. ನೂಲು ಕೊಡುವವನು ಸಾಹುಕಾರನಿರಬಹುದು, ಸಹಕಾರಿ ಸಂಘವಿರಬಹುದು, 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವಿರಬಹುದು. ಹೆಸರು ಬೇರೆ, ವ್ಯವಸ್ಥೆ ಒಂದೇ.

ಈ ವ್ಯವಸ್ಥೆಯಲ್ಲಿ ಖರ್ಚು ಯಾರದು ಎಂಬುದನ್ನು ಲೆಕ್ಕ ಹಾಕಿರಿ. ಕಾರಖಾನೆಯಲ್ಲಾದರೆ ಕಟ್ಟಡ ಧಣಿಯದು, ದೀಪ ಧಣಿಯದು, ಯಂತ್ರ ಮುರಿದರೆ ದುರಸ್ತಿ ಧಣಿಯದು. ಮನೆಯಲ್ಲಿ? ಮಗ್ಗದ ಕುಣಿ ತೋಡಿದ್ದು ನೇಕಾರನ ಮನೆಯ ನೆಲದಲ್ಲಿ. ಇದ್ದ ಒಂದೂವರೆ ಖೋಲಿಯಲ್ಲಿ ಒಂದನ್ನು ಮಗ್ಗಕ್ಕೆ ಬಿಟ್ಟುಕೊಟ್ಟು ಅರ್ಧದಲ್ಲಿ ಸಂಸಾರ ನಡೆಯಬೇಕು. ದೀಪದ ಬಿಲ್ಲು ಅವನದು. ಹಣಿಗೆ ಸವೆದರೆ, ಲಾಳಿ ಒಡೆದರೆ ಅವನದು. ಮಳೆಗಾಲದಲ್ಲಿ ಕುಣಿಯ ತೇವ ಏರಿ ಮೊಣಕಾಲು ಹಿಡಿದರೆ ಆ ನೋವೂ ಅವನದು. ಮಾಲು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾತ್ರ ಧಣಿಯದು.

ಇನ್ನು ಆ ಮನೆಯ ಮುದುಕಿಯ ಲೆಕ್ಕ. ಮಗ್ಗ ಒಬ್ಬನ ಕೈಯಿಂದ ನಡೆಯುವುದಲ್ಲ. ನೂಲು ಬಿಚ್ಚಬೇಕು, ಹಾಸು ಹೂಡಬೇಕು, ಒಂದೊಂದೇ ಎಳೆ ಹಿಡಿದು ಕೆಚ್ಚಬೇಕು, ಹೊಕ್ಕಿಗೆ ಕಂಡಿಕೆ ಸುತ್ತಬೇಕು. ಮಗ ನೇಯುತ್ತಿದ್ದರೆ ಎಪ್ಪತ್ತರ ತಾಯಿ ರಾಟಿಯ ಮುಂದೆ ಕೂತಿರುತ್ತಾಳೆ. ಕಣ್ಣು ಮಂಜಾದ ಮೇಲೂ ಕೈಯ ಅಂದಾಜಿನಿಂದಲೇ ಕಂಡಿಕೆ ಸುತ್ತುತ್ತಾಳೆ. ಮಜೂರಿ ಕಟ್ಟುವುದು ಸೀರೆಗೆ. ಕಂಡಿಕೆಗೆ ಬೇರೆ ಮಜೂರಿ ಅವಳ ಕೈಗೆ ಬರುವುದಿಲ್ಲ. ಅದು ದುಡಿಮೆ ಎಂದು ಯಾರ ವಹಿಯಲ್ಲೂ ಬರೆದಿಲ್ಲ. 'ಮನೆಗೆಲಸ' ಎಂದು ಅದಕ್ಕೆ ಹೆಸರು. ವಯಸ್ಸಾದ ಹೆಣ್ಣು ಮನೆಯಲ್ಲಿ ಕೂತು ದುಡಿದರೆ ಆ ದುಡಿಮೆ ಹೇಗೆ ಕಣ್ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದರ ಫಲ ಏನಾಯಿತು? 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕಿ ಕೈಮಗ್ಗದ ದುಡಿಮೆಗಾರರನ್ನು ಎಣಿಸಿತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಅವರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ಗಳಿಕೆ ತಿಂಗಳಿಗೆ 5,000 ರೂಪಾಯಿಯನ್ನು ದಾಟುವುದಿಲ್ಲವೆಂದು ಅದೇ ಗಣತಿ ಹೇಳಿತು. ತಲೆಮಾರುಗಳ ಕಾಲ ಮನೆಯಿಂದಲೇ ದುಡಿದವರ ಆಸ್ತಿ ಇದು. ಇವರ ಮಾತು ಕೇಳಲೆಂದು 1952ರಲ್ಲಿ ಕಟ್ಟಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ 2020ರ ಜುಲೈ ಕೊನೆಯಲ್ಲಿ ರದ್ದು ಮಾಡಿದರು; ಅದಾದ ಕೆಲವೇ ದಿನಕ್ಕೆ, ಆಗಸ್ಟ್ 7ರಂದು, ರಾಷ್ಟ್ರೀಯ ಕೈಮಗ್ಗ ದಿನವನ್ನು ಆಚರಿಸಿದರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ತಪ್ಪಲಿಲ್ಲ.

ಒಂದೇ ವರ್ಷ, ಎರಡು ಮನೆ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದು ದೇಶವೆಲ್ಲ ಬಾಗಿಲು ಹಾಕಿತು. ಆ ವರ್ಷ ಕರ್ನಾಟಕದಲ್ಲಿ ಎರಡು ಬಗೆಯ ಜನ ಮನೆಯಿಂದ ಕೆಲಸ ಮಾಡಿದರು. ಬೆಂಗಳೂರಿನ ಕಂಪ್ಯೂಟರ್ ಕಂಪನಿಯ ಕಾಯಂ ನೌಕರ ಮನೆಗೆ ಬಂದಾಗ ಅವನ ಜೊತೆ ಅವನ ತಿಂಗಳ ಪಗಾರ ಬಂತು, ಪ್ರಾವಿಡೆಂಟ್ ಫಂಡು ಬಂತು, ರಜೆ ಬಂತು, ವಿಮೆ ಬಂತು. ಕಂಪನಿಯ ಯಂತ್ರವೂ ಬಂತು. ಕೆಲವು ಕಡೆ ಕುರ್ಚಿಗೆ, ಇಂಟರ್‌ನೆಟ್ಟಿಗೆ ಬೇರೆ ಹಣವೂ ಬಂತು. ಗಜೇಂದ್ರಗಡದ ನೇಕಾರ ಮೊದಲಿನಿಂದಲೂ ಮನೆಯಲ್ಲೇ ಇದ್ದ. ನೂಲು ಬರಲಿಲ್ಲ, ಸೀರೆ ಹೋಗಲಿಲ್ಲ, ಮಜೂರಿ ನಿಂತಿತು. ರಾಜ್ಯ ಸರಕಾರ 'ನೇಕಾರ ಸಮ್ಮಾನ' ಎಂದು ಹೆಸರಿಟ್ಟು ವರ್ಷಕ್ಕೆ 2,000 ರೂಪಾಯಿ ಕೊಟ್ಟಿತು. ಮುಂದೆ ಅದನ್ನು 5,000ಕ್ಕೆ ಏರಿಸಿತು. ಐದು ಸಾವಿರವನ್ನು ವರ್ಷದ ದಿನಗಳಿಗೆ ಹಂಚಿದರೆ ದಿನದ ಸಮ್ಮಾನ ಹದಿನಾಲ್ಕು ರೂಪಾಯಿಯೂ ಆಗುವುದಿಲ್ಲ.

ಇಬ್ಬರೂ ಮನೆಯಲ್ಲಿ ಕೂತೇ ದುಡಿಯುವವರು. ಇಬ್ಬರ ಧಣಿಯೂ ಕಣ್ಣಿಗೆ ಕಾಣದ ದೂರದಲ್ಲಿದ್ದ. ಆದರೂ ಒಬ್ಬ ಉಳಿದ, ಒಬ್ಬ ಮುಳುಗಿದ. ಏಕೆ? ಒಬ್ಬನ ಧಣಿ ದೂರ ಇದ್ದರೂ ಕಾನೂನಿನ ಹಗ್ಗದಿಂದ ಅವನಿಗೆ ಕಟ್ಟುಬಿದ್ದಿದ್ದ. ಇನ್ನೊಬ್ಬನ ಧಣಿಗೆ ಯಾವ ಹಗ್ಗವೂ ಇರಲಿಲ್ಲ. ನಾವು ಹೇಳಬೇಕೆಂದಿರುವ ಮಾತೆಲ್ಲ ಇಷ್ಟರಲ್ಲೇ ಇದೆ. ದೂರದ ಕೆಲಸ, ದೂರದ ಕೆಲಸ ಎಂದು ಇವರು ಹಾಡುತ್ತಾರೆ. ಕೆಲಸ ದೂರದಲ್ಲಿಲ್ಲ, ಅದು ಮನೆಯೊಳಕ್ಕೇ, ಒಲೆಯ ಪಕ್ಕಕ್ಕೇ ಬಂದಿದೆ. ದೂರ ಹೋದವನು ಧಣಿ. ಬಾಡಿಗೆ, ದೀಪ, ಯಂತ್ರ, ರೋಗ, ಮುಪ್ಪು ಎಲ್ಲವನ್ನೂ ದುಡಿಯುವವನ ಹೊಸ್ತಿಲೊಳಗೆ ಇಳಿಸಿ, ಲಾಭವನ್ನು ಮಾತ್ರ ಹೊತ್ತುಕೊಂಡು ದೂರ ಹೋದ.

ಹೀಗಿರುವಾಗ, ನೇಕಾರನ ಈ ಅವಸ್ಥೆಯನ್ನು ಸರಿಪಡಿಸದೆ ಲಕ್ಕಲಕಟ್ಟಿಯ ಮುದುಕರಿಗೆ ಫೋನಿನ ಕೆಲಸ ಹಂಚುತ್ತೇವೆಂದರೆ ಅದರ ಅರ್ಥವೇನು? ಮಗ್ಗದ ಜಾಗದಲ್ಲಿ ಫೋನು ಬರುತ್ತದೆ. ಸೀರೆಗಿಷ್ಟು ಎಂಬುದು ಕರೆಗಿಷ್ಟು, ಹಾಳೆಗಿಷ್ಟು ಎಂದಾಗುತ್ತದೆ. ಕುಣಿಯ ತೇವದ ಬದಲು ಕಣ್ಣಿನ ಉರಿ ಬರುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ.

ಕಾನೂನು ಮನೆಯೊಳಗೆ ಬರಬಲ್ಲದು

"ಮನೆಯಲ್ಲಿ ದುಡಿಯುವವನು ತನ್ನ ಮನಸ್ಸಿಗೆ ಬಂದಾಗ ದುಡಿಯುತ್ತಾನೆ, ಅವನ ಮೇಲೆ ನಮ್ಮ ಮೇಲ್ವಿಚಾರಣೆ ಇಲ್ಲ, ಆದ್ದರಿಂದ ಅವನು ನಮ್ಮ ನೌಕರನೇ ಅಲ್ಲ" ಎಂಬುದು ಬಂಡವಳಿಗರ ಹಳೆಯ ವಾದ. ಈ ವಾದ ನಮ್ಮ ನಾಡಿನಲ್ಲಿಯೇ ಒಮ್ಮೆ ಸೋತಿದೆ ಎಂಬುದನ್ನು ವಾಚಕರು ನೆನಪಿಡಬೇಕು. ಮಂಗಳೂರಿನ ಕಡೆ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದೇ ಒಪ್ಪಿತು. ಬೀಡಿ ಧಣಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. 1985ರಲ್ಲಿ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪ್ರಾವಿಡೆಂಟ್ ಫಂಡಿನ ಕಾನೂನು ಅನ್ವಯಿಸುತ್ತದೆಂದು ತೀರ್ಪು ಕೊಟ್ಟಿತು. ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಧಣಿಗೆ ಇದೆಯಲ್ಲ, ಅದೇ ಮೇಲ್ವಿಚಾರಣೆ ಎಂಬುದು ಆ ತೀರ್ಪಿನ ತಿರುಳು.

ಎಂಥ ಮಾತು! ಸೀರೆ ತಿರಸ್ಕರಿಸುವವನಿಗೂ ಇದು ಅನ್ವಯಿಸಬೇಕು. ಮುದುಕ ತುಂಬಿ ಕಳಿಸಿದ ಹಾಳೆಯನ್ನು ದೂರದ ಊರಿನಲ್ಲಿ ಕೂತು 'ಸರಿಯಿಲ್ಲ' ಎಂದು ಒಂದು ಗುಂಡಿ ಒತ್ತಿ ಹಣ ಹಿಡಿಯುವವನಿಗೂ ಅನ್ವಯಿಸಬೇಕು. ತಿರಸ್ಕರಿಸುವ ಕೈ ಇದ್ದವನಿಗೆ ಕೊಡುವ ಕೈಯೂ ಇರಲೇಬೇಕು.

ಆದರೆ ಆಗುತ್ತಿರುವುದೇನು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿಯೇ ಮನೆಯಲ್ಲಿ ದುಡಿಯುವವರಿಗೂ ಉಳಿದ ಕಾರ್ಮಿಕರಷ್ಟೇ ರಕ್ಷಣೆ ಬೇಕೆಂದು 177ನೆಯ ಒಡಂಬಡಿಕೆ ಮಾಡಿತು. ಭಾರತ ಸರಕಾರ ಅದನ್ನು ಅಂಗೀಕರಿಸಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 'ಮನೆಯಾಧಾರಿತ ಕಾರ್ಮಿಕ' ಎಂಬವನ ಲಕ್ಷಣವನ್ನು ಅದರಲ್ಲಿ ಚೆನ್ನಾಗಿಯೇ ಬರೆದಿದ್ದಾರೆ: ಧಣಿಗಾಗಿ, ಧಣಿಯ ಜಾಗದಲ್ಲಲ್ಲದೆ ತನ್ನ ಮನೆಯಲ್ಲಿ, ಪ್ರತಿಫಲಕ್ಕಾಗಿ ದುಡಿಯುವವನು. ಲಕ್ಷಣ ಬರೆದವರು ಅವನನ್ನು ಅಸಂಘಟಿತರ ದೊಡ್ಡ ಗುಂಪಿನಲ್ಲಿ ಸೇರಿಸಿ, ಅವನ ಪಾಲು ಸರಕಾರದ ಯೋಜನೆಗಳಿಗೆ ಬಿಟ್ಟಿದ್ದಾರೆ. ಕಾರಖಾನೆಯ ಕಾರ್ಮಿಕನಿಗೆ ಸಿಕ್ಕುವಂತೆ ಧಣಿಯ ಕೊರಳಿಗೆ ಕಟ್ಟಿದ ಹಕ್ಕು ಅವನಿಗಿಲ್ಲ.

ಆ ಯೋಜನೆಗಳೂ ಮುದುಕರ ಮುಂದೆ ಹೇಗೆ ಬಾಗಿಲು ಹಾಕಿಕೊಂಡಿವೆ ನೋಡಿರಿ. ಅಸಂಘಟಿತ ಕಾರ್ಮಿಕರನ್ನು ದಾಖಲಿಸುವ ಇ-ಶ್ರಮ್ ಪಟ್ಟಿ 2021ರ ಆಗಸ್ಟಿನಲ್ಲಿ ಶುರುವಾಗಿ 30 ಕೋಟಿಗೂ ಹೆಚ್ಚು ಹೆಸರು ಬರೆದುಕೊಂಡಿತು. ಅದಕ್ಕೆ ವಯಸ್ಸಿನ ಮಿತಿ 16ರಿಂದ 59. ಅರವತ್ತು ತುಂಬಿದವನು ದುಡಿಯುತ್ತಿದ್ದರೂ ಆ ಪಟ್ಟಿಗೆ ಹೊಸದಾಗಿ ಸೇರುವಂತಿಲ್ಲ. ಅಟಲ್ ಪಿಂಚಣಿ 2015ರಲ್ಲಿ, ಶ್ರಮಯೋಗಿ ಮಾನಧನ್ 2019ರಲ್ಲಿ ಬಂದವು. ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಆ ವರ್ಷ ನಲವತ್ತು ದಾಟಿದ್ದ ನೇಕಾರ, ಹಮಾಲ, ಕೂಲಿಕಾರ ಎಲ್ಲಿಗೆ ಹೋಗಬೇಕು? ಒಂದು ಖಾತೆ ಅರವತ್ತಕ್ಕೆ "ನೀನು ಕಾರ್ಮಿಕನಲ್ಲ" ಎನ್ನುತ್ತದೆ. ಇನ್ನೊಂದು ಖಾತೆ ಅದೇ ಅರವತ್ತಕ್ಕೆ "ಬಾ, ದುಡಿ" ಎಂದು ಜಾಲತಾಣ ತೆರೆಯುತ್ತದೆ. ಹಕ್ಕು ಕೊಡುವಾಗ ಮುದುಕ, ದುಡಿಸಿಕೊಳ್ಳುವಾಗ ಹರೆಯದವ! ಇದೆಂಥ ನ್ಯಾಯ?

ಪಿಂಚಣಿಯ ಬದಲು ಕೆಲಸವೇ?

ಈ ಉಪದೇಶದ ಒಡಲಲ್ಲಿ ಇನ್ನೊಂದು ಅಪಾಯ ಅಡಗಿದೆ. ಮುದುಕರು ದುಡಿಯಬಲ್ಲರು ಎಂದಾದ ಮೇಲೆ ಅವರಿಗೆ ಪಿಂಚಣಿ ಏಕೆ ಎಂಬ ಮಾತು ಬಹಳ ದೂರವಿಲ್ಲ. ಆದ್ದರಿಂದ ಈಗಿರುವ ಪಿಂಚಣಿಯ ಅಂಕಿಗಳನ್ನೂ ವಾಚಕರ ಮುಂದಿಡುತ್ತೇವೆ. ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರಕಾರ ಎಂಬತ್ತರೊಳಗಿನವರಿಗೆ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ದಿನಕ್ಕೆ ಏಳು ರೂಪಾಯಿಯೂ ಇಲ್ಲ. ಹದಿನೈದು ವರ್ಷಕ್ಕೂ ಮೇಲಾಯಿತು, ಈ ಅಂಕಿ ಅಲುಗಿಲ್ಲ. ಸಣ್ಣ ರೈತರು, ಹೊಲದ ಕೂಲಿಕಾರರು, ನೇಕಾರರು, ಮೀನುಗಾರರು ಇವರಿಗಾಗಿಯೇ ರಾಜ್ಯ ಸರಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ತಂದಿತು. 65 ತುಂಬಿದವರಿಗೆ ಅದನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಿತು. ದಿನಕ್ಕೆ ನಲವತ್ತು ರೂಪಾಯಿ. ಮಣ್ಣು ಹೊರುವ ಖಾತ್ರಿ ಕೆಲಸಕ್ಕೆ 2025–26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಒಂದು ದಿನ ಬದುಕಲು ದುಡಿಯುವವನಿಗೆ 370 ಬೇಕೆಂದು ಒಪ್ಪುವ ಸರಕಾರ, ದುಡಿದು ಸೋತವನಿಗೆ ನಲವತ್ತು ಸಾಕೆಂದು ಯಾವ ತಕ್ಕಡಿಯಲ್ಲಿ ತೂಗಿತು?

ಇಂಥ ಪಿಂಚಣಿ ಇರುವಲ್ಲಿ ಮುದುಕನು 'ಇಚ್ಛೆಯಿಂದ' ದುಡಿಯುತ್ತಾನೆ ಎಂಬುದು ಸುಳ್ಳು. ಹಸಿವು ಅಟ್ಟಿದ ಕೆಲಸಕ್ಕೆ ಇಚ್ಛೆ ಎನ್ನುವುದಿಲ್ಲ. ಹಸಿದವನು ಮಜೂರಿಯ ಚೌಕಾಶಿ ಮಾಡಲಾರ. ಕೊಟ್ಟಷ್ಟಕ್ಕೆ ಕೈ ಒಡ್ಡುತ್ತಾನೆ. ಅವನು ಕಡಿಮೆ ಮಜೂರಿಗೆ ಒಪ್ಪಿದ ದಿನ ಅದೇ ಊರಿನ ಹರೆಯದವನ ಮಜೂರಿಯೂ ಇಳಿಯುತ್ತದೆ. ಬಡ ಮುದುಕನ ಹೊಟ್ಟೆಯ ಮೇಲಿಟ್ಟ ಕಲ್ಲು ಅವನ ಮಗನ ಹೊಟ್ಟೆಯ ಮೇಲೂ ಬೀಳುತ್ತದೆ. ಆದ್ದರಿಂದ ಪಿಂಚಣಿ ಮೊದಲು, ಕೆಲಸ ಆಮೇಲೆ. ಹೊಟ್ಟೆ ತುಂಬಿದವನು ಕೆಲಸ ಒಪ್ಪಿದರೆ ಮಾತ್ರ ಆ ಕೆಲಸದಲ್ಲಿ ಗೌರವವಿದೆ.

ಕೆಲವರು ಈ ಮಾತಿಗೆ ಶರಣರನ್ನು ಎಳೆದು ತರುತ್ತಾರೆ. ಕಾಯಕಕ್ಕೆ ವಯಸ್ಸಿಲ್ಲ ಎನ್ನುತ್ತಾರೆ. ಸರಿ. ಆದರೆ ಶರಣರು ಕಾಯಕದ ಜೊತೆ ದಾಸೋಹವನ್ನೂ ಹೇಳಿದರು. ಕಾಯಕವನ್ನು ಬಡವನಿಗೆ ಬೋಧಿಸಿ ದಾಸೋಹವನ್ನು ಕಂಪನಿಗೆ ಮನ್ನಾ ಮಾಡುವ ಧರ್ಮ ಅವರದಾಗಿರಲಿಲ್ಲ. ನಮ್ಮ ಒಕ್ಕಲಿಗ ಮುದಿ ಎತ್ತನ್ನು ಕೊಟ್ಟಿಗೆಯಲ್ಲಿಟ್ಟು ಮೇವು ಹಾಕುತ್ತಾನೆ. ಇಷ್ಟು ವರ್ಷ ಹೊಲ ಉತ್ತಿದೆ ಎಂಬ ಋಣ ಅವನಿಗೆ ಗೊತ್ತು. ಸರಕಾರಕ್ಕೆ ಒಕ್ಕಲಿಗನಷ್ಟಾದರೂ ಋಣದ ನೆನಪು ಬೇಡವೇ?

ಹಣ ಎಲ್ಲಿಂದ?

ಹಣ ಎಲ್ಲಿಂದ ತರೋಣ ಎಂದು ಕೇಳುವವರಿದ್ದಾರೆ. ದುಡಿಸಿಕೊಳ್ಳುವವನಿಂದ ತನ್ನಿರಿ. 1976ರ ಕಾನೂನಿನಂತೆ ಬೀಡಿಯ ಮೇಲೆ ಸೆಸ್ಸು ಹಾಕಿ ಬೀಡಿ ಕಟ್ಟುವವರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ ನಡೆಸಿದ್ದರು, 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸನ್ನು ಕಿತ್ತುಹಾಕಿದರು. ಮಾರ್ಗ ಇಲ್ಲದಿರಲಿಲ್ಲ, ಇದ್ದ ಮಾರ್ಗವನ್ನು ಮುಚ್ಚಿದರು. ಕರ್ನಾಟಕ ಸರಕಾರವೇ 2025ರಲ್ಲಿ, ಫೋನಿನ ಮೂಲಕ ಕೆಲಸ ಹಂಚುವ ಕಂಪನಿಗಳಿಂದ ಕೆಲಸಗಾರನಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವ ಕಾನೂನು ಮಾಡಿತು. ಊಟ ಹೊತ್ತು ತರುವ ಹುಡುಗನಿಗಾಗಿ ಮಾಡಿದ್ದು ಒಳ್ಳೆಯದಾಯಿತು. ಅದೇ ನ್ಯಾಯ ಸೀರೆ ನೇಯುವ ಅವನ ಅಜ್ಜನಿಗೆ ಏಕೆ ಬೇಡ?

"ಕಟ್ಟುಪಾಡು ಹೆಚ್ಚಿದರೆ ಕೆಲಸವೇ ಓಡಿಹೋದೀತು" ಎಂದು ಹೆದರಿಸುವವರೂ ಇದ್ದಾರೆ. ಬೀಡಿ ಧಣಿಗಳೂ ಹಕ್ಕು ಕೊಡಲಾಗದೆಂದು ಕೋರ್ಟಿನ ಮೆಟ್ಟಿಲು ಹತ್ತಿಯೇ ನೋಡಿದರು. ಕಾನೂನು ಗೆದ್ದ ಮೇಲೂ ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ಕೆಲಸ ದಶಕಗಳ ಕಾಲ ನಡೆಯಿತು. ಮುದುಕರ ಮುಪ್ಪನ್ನು ತಿಂದೇ ಬದುಕಬಲ್ಲ ಉದ್ಯೋಗವಾದರೆ ಅದು ಹೋದರೆ ಹೋಗಲಿ.

ಇನ್ನು ಕೆಲಸ ಹಂಚುವವರಲ್ಲಿ ಸರಕಾರ ತಾನೇ ಒಬ್ಬ ದೊಡ್ಡ ಧಣಿ ಎಂಬುದನ್ನು ಮರೆಯಬಾರದು. ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ನೇಕಾರರಿಂದ ನೇಯಿಸಿದ್ದು ಸರಕಾರ. ಕಚೇರಿಯ ಕಾಗದಗಳನ್ನು ಕಂಪ್ಯೂಟರಿಗೆ ತುಂಬಿಸುವುದು ಸರಕಾರ. ಈ ಕೆಲಸ ಗುತ್ತಿಗೆದಾರನ ಕೈಯಿಂದ ಬರದೆ ನೇರವಾಗಿ ದುಡಿಯುವವರ ಸಹಕಾರಿ ಸಂಘಕ್ಕೆ ಬರಲಿ. ಸಹಕಾರವೆಂಬುದು ನಮ್ಮ ಜಿಲ್ಲೆಗೆ ಹೊರಗಿನವರು ಕಲಿಸಬೇಕಾದ ವಿದ್ಯೆಯಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಾಲ ಕೊಡುವ ಸಾಹುಕಾರನಿಂದ ರೈತನನ್ನು ಬಿಡಿಸಲು ನೂರು ವರ್ಷಕ್ಕೂ ಹಿಂದೆ ಕಂಡುಕೊಂಡ ಆ ದಾರಿ, ಕೆಲಸ ಕೊಡುವ ಕಾಣದ ಸಾಹುಕಾರನಿಂದ ಮುದುಕರನ್ನು ಬಿಡಿಸಲು ಇಂದು ಬೇಕಾಗಿದೆ. ಒಬ್ಬೊಬ್ಬನೇ ಮನೆಯಲ್ಲಿ ಕೂತವನು ಧಣಿಯ ಮುಂದೆ ದುರ್ಬಲ. ನಾಲ್ವತ್ತು ಮಂದಿ ಒಂದು ಸಂಘದ ವಹಿಯಲ್ಲಿ ಹೆಸರು ಬರೆಸಿದರೆ ಮಜೂರಿ ಕೇಳುವ ದನಿ ಹುಟ್ಟುತ್ತದೆ.

ನಮ್ಮ ಬೇಡಿಕೆಗಳು

ಬರಿಯ ಟೀಕೆಯಿಂದ ಹೊಟ್ಟೆ ತುಂಬುವುದಿಲ್ಲ. ನಾವು ಕೇಳುವುದು ಇಷ್ಟು:

1. ದುಡಿಮೆಗಾರರ ಪಟ್ಟಿಯಲ್ಲಿ 59ರ ಗೆರೆಯನ್ನು ಅಳಿಸಬೇಕು. ದುಡಿಯುವವರೆಗೆ ಅವನು ಕಾರ್ಮಿಕ. ಕಂಡಿಕೆ ಸುತ್ತುವ ಮುದುಕಿಯ ಹೆಸರು ಮಗನ ಹೆಸರಿನ ಕೆಳಗಲ್ಲ, ತನ್ನದೇ ಸಾಲಿನಲ್ಲಿ ಬರಬೇಕು.

2. ಮನೆಯಲ್ಲಿ ಮಾಡುವ ಪ್ರತಿಯೊಂದು ಬಗೆಯ ಕೆಲಸಕ್ಕೂ ಕನಿಷ್ಠ ಮಜೂರಿ ಗೊತ್ತುಮಾಡಬೇಕು. ಸೀರೆಗಿಷ್ಟು, ಹಾಳೆಗಿಷ್ಟು ಎಂಬುದು ದಿನದ ಕೊನೆಗೆ ಕನಿಷ್ಠ ದಿನಗೂಲಿಗಿಂತ ಕೆಳಗೆ ಇಳಿಯಕೂಡದು. ಜಾಗದ, ದೀಪದ, ಯಂತ್ರದ ಖರ್ಚನ್ನು ಮಜೂರಿಯ ಹೊರಗೆ ಬೇರೆಯಾಗಿ ಕೊಡಬೇಕು.

3. ಮಾಲನ್ನು ತಿರಸ್ಕರಿಸುವ ಹಕ್ಕುಳ್ಳವನು ಧಣಿಯೇ ಎಂಬ ನ್ಯಾಯವನ್ನು ಬೀಡಿಯಿಂದ ಮಗ್ಗಕ್ಕೂ ಫೋನಿನ ಕೆಲಸಕ್ಕೂ ಚಾಚಬೇಕು. ತಿರಸ್ಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು.

4. ಮನೆಗೆ ಕೆಲಸ ಕೊಡುವ ಪ್ರತಿಯೊಬ್ಬ ಧಣಿಯಿಂದಲೂ ಕಲ್ಯಾಣ ಶುಲ್ಕ ಪಡೆದು ವೃದ್ಧಾಪ್ಯದ ನಿಧಿಗೆ ಹಾಕಬೇಕು. ವೃದ್ಧಾಪ್ಯ ವೇತನವನ್ನು ಕನಿಷ್ಠ ಕೂಲಿಯ ಅರ್ಧಕ್ಕಾದರೂ ಏರಿಸಿ, ಬೆಲೆ ಏರಿದಂತೆ ಏರುವ ಹಾಗೆ ಮಾಡಬೇಕು. ಕೆಲಸ ಮಾಡಿದನೆಂಬ ನೆಪದಿಂದ ಒಬ್ಬನ ಪಿಂಚಣಿಯನ್ನೂ ನಿಲ್ಲಿಸಕೂಡದು.

5. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂದು ಹೆಸರಿಟ್ಟಿದ್ದಾರೆ. ಹೆಸರಿಗೆ ತಕ್ಕಂತೆ ಅಲ್ಲಿ ಕಂಪ್ಯೂಟರ್, ಕಲಿಸುವವರು, ಹಿರಿಯರಿಗೆ ಕೂಡಲು ಜಾಗ ಇರಬೇಕು. ದೂರದ ಕೆಲಸ ಬರುವುದಾದರೆ ಒಂಟಿ ಮನೆಗೆ ಬರಬಾರದು. ನಾಲ್ಕು ಜನ ಕೂಡುವ ಈ ಜಾಗಕ್ಕೆ, ಸಹಕಾರಿ ಸಂಘದ ಹೆಸರಿನಲ್ಲಿ ಬರಬೇಕು.

ಇವು ಯಾರ ದಯೆಯನ್ನೂ ಬೇಡುವ ಮಾತುಗಳಲ್ಲ. ಗಜೇಂದ್ರಗಡದ ಸೀರೆ ಉಟ್ಟವರು, ಈ ಸೀಮೆಯ ಜೋಳ ಉಂಡವರು, ಇಲ್ಲಿಂದ ಹೋದ ಕೈಗಳು ಕಟ್ಟಿದ ಮನೆಗಳಲ್ಲಿ ವಾಸಿಸುವವರು ತೀರಿಸಬೇಕಾದ ಸಾಲ ಇದು.

ದುಡಿಯುವ ಬಂಧುಗಳೇ, ಗ್ರಾಮಸಭೆಯನ್ನು ಕರೆಯಲೇಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಲಕ್ಕಲಕಟ್ಟಿಯಲ್ಲಿ, ಅಕ್ಕಪಕ್ಕದ ಪ್ರತಿ ಊರಿನಲ್ಲಿ ಮುಂದಿನ ಸಭೆ ಸೇರಿದಾಗ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂಡಿಸಿರಿ. ಅರವತ್ತು ದಾಟಿ ಇನ್ನೂ ದುಡಿಯುತ್ತಿರುವವರ ಹೆಸರನ್ನು, ಅವರ ಕೆಲಸವನ್ನು, ಅವರಿಗೆ ಬರುವ ಮಜೂರಿಯನ್ನು, ಬಾರದ ಪಿಂಚಣಿಯನ್ನು ಒಂದೊಂದಾಗಿ ಓದಿ ಠರಾವಿನಲ್ಲಿ ಬರೆಸಿರಿ. ದೂರದ ಕೆಲಸದ ಆಶೆ ತೋರಿಸಲು ಯಾರಾದರೂ ಬಂದರೆ ಅವರನ್ನು ಕೂಡಿಸಿ, ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳಿರಿ: "ಕೆಲಸವನ್ನೇನೋ ತಂದಿರಿ, ಧಣಿ ಯಾರು? ಅವನ ವಿಳಾಸ ಕೊಡಿರಿ." ಉತ್ತರ ಸಿಕ್ಕುವವರೆಗೆ ಕಾಗದದ ಮೇಲೆ ಒಬ್ಬ ಮುದುಕನ ಹೆಬ್ಬೆಟ್ಟೂ ಬೀಳದಿರಲಿ.